ಸಿಂಹಗಡದ ಏರಿನಲ್ಲಿ ಜಾರಿದ ಗೇರು

ಪುಣೆಯಲ್ಲಿ ಸೈಕಲ್ ಕೊಂಡವರೆಲ್ಲ ಒಂದಲ್ಲ ಒಂದು ಭಾನುವಾರ ಸಿಂಹಗಡಕ್ಕೆ ಹೋಗಲೇಬೇಕು ಎಂಬುದು ಈ ಊರಿನ ಅಲಿಖಿತ ನಿಯಮ. ಒಂದು ಕಾಲಕ್ಕೆ ಸೈಕಲ್‌ಗಳ ನಗರ ಎಂದೇ ಹೆಸರಾಗಿದ್ದ ಪುಣೆ ಈಗ ಸ್ಕೂಟರ್‌ಗಳ ನಗರ. ಆದರೂ ಬೆಳಗಿನ ಐದೂವರೆಗೆ ಸಿಂಹಗಡ ರಸ್ತೆಯಲ್ಲಿ ನಿಂತರೆ ಹೆಲ್ಮೆಟ್ ತೊಟ್ಟು, ಕೆಂಪು ದೀಪ ಮಿನುಗಿಸುತ್ತಾ ಹೋಗುವ ಗುಂಪುಗಳು ಕಾಣುತ್ತವೆ. ನಮ್ಮ ಕನ್ನಡದವರ ಗುಂಪೂ ಅದರಲ್ಲೊಂದು. ಆರೇಳು ಜನ, ಹೆಚ್ಚಿನವರು ಸಾಫ್ಟ್‌ವೇರಿನವರು. ಎಲ್ಲರಿಗಿಂತ ಹಿರಿಯರು ಧಾರವಾಡದ ಕಾಕಾ.

ಸ್ವಾರಗೇಟಿನಿಂದ ಕೋಟೆಗೆ ಸುಮಾರು 30 ಕಿಲೋಮೀಟರ್. ವಡಗಾಂವ್, ಧಾಯರಿ ದಾಟುವವರೆಗೆ ಅಂಗಡಿ, ಅಪಾರ್ಟ್‌ಮೆಂಟು, ಅಗೆದ ರಸ್ತೆ, ಧೂಳು. ಖಡಕ್‌ವಾಸ್ಲಾ ಬಂದಾಗ ಬಲಗಡೆಗೆ ಒಮ್ಮೆಲೇ ನೀರು ತೆರೆದುಕೊಳ್ಳುತ್ತದೆ. ಬ್ರಿಟಿಷರ ಕಾಲದ ಅಣೆಕಟ್ಟು ಇದು. 1961ರ ಜುಲೈ 12ರಂದು ಮೇಲಿನ ಪಾನ್‌ಶೇತ್ ಅಣೆಕಟ್ಟು ಒಡೆದು, ಆ ನೀರಿನ ಹೊಡೆತಕ್ಕೆ ಇದೂ ಒಡೆದು, ಹಳೆಯ ಪುಣೆಯ ಅರ್ಧಕ್ಕರ್ಧ ಮುಳುಗಿತ್ತು. ಇಲ್ಲಿನ ಹಿರಿಯರು ಈಗಲೂ ಅದನ್ನು ಮೊನ್ನೆ ನಡೆದಂತೆ ಹೇಳುತ್ತಾರೆ. ಕೆರೆಯ ದಂಡೆಯಲ್ಲಿ ಸಂಜೆಗೆ ಸುಟ್ಟ ಜೋಳ, ಕಾಂದಾ ಭಜಿ. ಬೆಳಿಗ್ಗೆ ಬರೀ ಗಾಳಿ, ನೀರಹಕ್ಕಿ.

ಡೋಣಜೆ, ಗೋಳೇವಾಡಿ ದಾಟಿದ ಮೇಲೆ ನಿಜವಾದ ಏರು ಶುರು. ಸುಮಾರು ಒಂಬತ್ತು ಕಿಲೋಮೀಟರ್ ಘಾಟಿ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದ್ದರೆ ಕೋಟೆ ಸುಮಾರು 1300 ಮೀಟರ್. ರಸ್ತೆ ಕಿರಿದು, ತಿರುವು ಚೂಪು. ಹಿಂದಿನಿಂದ ಪ್ರವಾಸಿಗರನ್ನು ತುಂಬಿಕೊಂಡ ಜೀಪುಗಳು ಹಾರ್ನ್ ಹೊಡೆಯುತ್ತಲೇ ಬರುತ್ತವೆ. ಸಮತಟ್ಟು ರಸ್ತೆಯಲ್ಲಿ ಮುಚ್ಚಿಟ್ಟುಕೊಂಡ ಸೈಕಲಿನ ಕಾಯಿಲೆಗಳೆಲ್ಲ ಹೊರಬೀಳುವುದು ಇಲ್ಲೇ.

ಕಳೆದ ಜನವರಿಯಲ್ಲಿ ಹೊರಬಿದ್ದದ್ದು ಕಾಕಾ ಅವರ ಮೌಂಟನ್ ಬೈಕಿನ ಕಾಯಿಲೆ. 31 ವರ್ಷ ಪುಣೆಯ ಕಾರ್ಖಾನೆಯಲ್ಲಿ ದುಡಿದು ಮುಂದಿನ ತಿಂಗಳು ನಿವೃತ್ತರಾಗಿ ಊರಿಗೆ ಹೊರಟವರು ಅವರು. ಹೋಗುವ ಮುಂಚೆ ಒಮ್ಮೆ ಕಾಲು ನೆಲಕ್ಕಿಡದೆ ಕೋಟೆ ಹತ್ತಬೇಕು ಎಂಬ ಹಟ. ಎರಡನೆಯ ತಿರುವಿನಲ್ಲಿ ಸೀಟಿನಿಂದ ಎದ್ದು ಪೆಡಲ್ ಮೇಲೆ ಭಾರ ಹಾಕಿದರೋ ಇಲ್ಲವೋ, ಟಕ್ ಎಂದು ಚೈನು ಜಾರಿತು. ಪೆಡಲ್ ಖಾಲಿ ಬಿದ್ದು ಮೊಣಕಾಲು ಹ್ಯಾಂಡಲಿಗೆ ಬಡಿಯಿತು, ಸೈಕಲ್ ರಸ್ತೆಯ ನಡುವಿಗೆ ವಾಲಿತು. ಹಿಂದೆ ಬರುತ್ತಿದ್ದ ಜೀಪಿನವನು ಸರಿಯಾಗಿ ಬ್ರೇಕ್ ಹಾಕಿದ್ದರಿಂದ ಬಚಾವಾಯಿತು.

"ತಮ್ಮಾ, ಇದು ಹಲ್ಲ ಕಿಸ್ಯಾಕ್ ಹತ್ತೈತಿ ನೋಡು," ಎಂದರು ಕಾಕಾ, ಮೊಣಕಾಲು ತಿಕ್ಕುತ್ತಾ. "ಹೋದ ವಾರ ಹೊಸಾ ಚೈನ್ ಹಾಕಿಸೇನಿ. ಅದಕ್ಕ ಮೊದಲ ಹಿಂಗ ಆಗ್ತಿರಲಿಲ್ಲ. ಅಂಗಡಿಯವಗ ಕೇಳಿದ್ರ, ಗೇರು, ಕೇಬಲ್ಲು, ಹಿಂದಿಂದ ಮುಂದಿಂದ ಎಲ್ಲಾ ಬದಲ ಮಾಡ್ಬೇಕು, ಇಲ್ಲಾ ಹೊಸಾ ಸೈಕಲ್ ತಗೋರಿ ಅಂತಾನ."

ಹೊಸ ಸೈಕಲ್ ಎಂದರೆ ಮೂವತ್ತು ನಲವತ್ತು ಸಾವಿರ. ನಿವೃತ್ತಿಯ ಹೊಸ್ತಿಲಲ್ಲಿರುವವರಿಗೆ ಅದು ಸಣ್ಣ ಮಾತಲ್ಲ. ಅದಕ್ಕಿಂತ ಮುಖ್ಯವಾಗಿ, ಈ ಸೈಕಲನ್ನು ಧಾರವಾಡಕ್ಕೆ ಒಯ್ಯುವುದೋ ಗುಜರಿಗೆ ಹಾಕುವುದೋ ಎಂಬುದು ಅಲ್ಲಿ ತೀರ್ಮಾನವಾಗಬೇಕಿತ್ತು.

"ಕಾಕಾ, ಐದು ನಿಮಿಷ ನೋಡೋಣ," ಎಂದು ಸೈಕಲನ್ನು ರಸ್ತೆಯಿಂದಾಚೆ ಮರದಡಿಗೆ ತಂದೆವು.

ಗೇರು ಜಾರುವುದು ಎಂದು ನಾವು ಒಂದೇ ಮಾತಿನಲ್ಲಿ ಹೇಳಿದರೂ ಅದರ ಹಿಂದೆ ಐದಾರು ಬೇರೆ ಬೇರೆ ಕಾರಣಗಳಿರುತ್ತವೆ. ಜ್ವರ ಎಂದರೆ ಎಲ್ಲಕ್ಕೂ ಒಂದೇ ಮಾತ್ರೆ ಅಲ್ಲವಲ್ಲ, ಹಾಗೆ. ಒಂದೊಂದಾಗಿ ತಳ್ಳಿಹಾಕುತ್ತಾ ಹೋಗಬೇಕು. ನಮ್ಮ ಆಫೀಸಿನಲ್ಲಿ ದೋಷ ಹುಡುಕುವುದೂ ಹೀಗೆಯೇ: ಮೂರು ಸಂಗತಿ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ.

ಮೊದಲ ಪ್ರಶ್ನೆ, ಭಾರವಿಲ್ಲದಾಗಲೂ ಜಾರುತ್ತದೆಯೇ? ಒಬ್ಬರು ಹಿಂದಿನ ಚಕ್ರ ಎತ್ತಿಹಿಡಿದರು, ನಾನು ಕೈಯಿಂದ ಪೆಡಲ್ ತಿರುಗಿಸುತ್ತಾ ಎಂಟೂ ಗೇರು ಬದಲಿಸಿದೆ. ಎಲ್ಲವೂ ಸಲೀಸು. ಕೇಬಲ್ ಸಡಿಲವಾಗಿದ್ದರೆ ಚೈನು ದೊಡ್ಡ ಹಲ್ಲುಚಕ್ರಕ್ಕೆ ಹತ್ತಲು ತಡಮಾಡುತ್ತದೆ, ಅಥವಾ ಎರಡು ಚಕ್ರಗಳ ನಡುವೆ ಕಟಕಟ ಎನ್ನುತ್ತಾ ಅಲೆಯುತ್ತದೆ. ಆಗ ಹಿಂದಿನ ಡಿರೇಲರ್‌ಗೆ ಕೇಬಲ್ ಸೇರುವಲ್ಲಿರುವ ತಿರುಪನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಿದರೆ ಬಿಗಿಯಾಗುತ್ತದೆ. ಗೇರಿನ ತಕರಾರುಗಳಲ್ಲಿ ಬಹಳಷ್ಟು ಇಷ್ಟರಲ್ಲೇ ಮುಗಿಯುತ್ತವೆ. ಇಲ್ಲಿ ಅದಲ್ಲ.

ಎರಡನೆಯದು, ಹ್ಯಾಂಗರ್. ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಸಣ್ಣ ಲೋಹದ ತುಂಡು ಅದು. ಸೈಕಲ್ ಬಲಕ್ಕೆ ಬಿದ್ದರೆ ಮೊದಲು ಬಾಗುವುದು ಅದೇ. ಹಿಂದೆ ಕುಳಿತು ನೋಡಿದೆ: ಡಿರೇಲರ್‌ನ ಎರಡು ಪುಟ್ಟ ಚಕ್ರಗಳೂ ಮೇಲಿನ ಹಲ್ಲುಚಕ್ರಕ್ಕೆ ನೇರವಾಗಿ ಒಂದೇ ಗೆರೆಯಲ್ಲಿದ್ದವು. ಬಾಗಿಲ್ಲ.

ಮೂರನೆಯದು, ಬಿಗಿದ ಕೊಂಡಿ. ಚೈನಿನಲ್ಲಿ ಒಂದೇ ಒಂದು ಕೊಂಡಿ ಸರಿಯಾಗಿ ಮಡಚದಿದ್ದರೂ ಅದು ಸುತ್ತಿ ಬಂದಾಗಲೆಲ್ಲ ಒಂದೇ ಲಯದಲ್ಲಿ ಜಿಗಿಯುತ್ತದೆ. ಪೆಡಲನ್ನು ನಿಧಾನ ಹಿಂದಕ್ಕೆ ತಿರುಗಿಸಿ, ಚೈನು ಕೆಳಗಿನ ಪುಟ್ಟ ಚಕ್ರ ದಾಟುವುದನ್ನು ಕಣ್ಣಿಟ್ಟು ನೋಡಿದೆವು. ಎಲ್ಲೂ ಜಿಗಿತವಿಲ್ಲ.

ನಾಲ್ಕನೆಯದು, ಹಿಂದಿನ ಹಬ್‌ನೊಳಗಿನ ಕಚ್ಚು. ಅದು ಸವೆದರೆ ಚೈನು, ಹಲ್ಲುಚಕ್ರ ಎರಡೂ ಮುಂದಕ್ಕೆ ತಿರುಗುತ್ತವೆ, ಗಾಲಿ ಮಾತ್ರ ತಿರುಗುವುದಿಲ್ಲ. ಚಕ್ರವನ್ನು ನೆಲಕ್ಕಿಳಿಸಿ, ಹಿಂದಿನ ಬ್ರೇಕ್ ಒತ್ತಿಹಿಡಿದು, ಪೆಡಲ್ ಮೇಲೆ ಅಂಗೈಯಿಂದ ಭಾರ ಹಾಕಿದೆ. ಹಲ್ಲುಚಕ್ರ ಅಲುಗಲಿಲ್ಲ, ಚೈನೇ ಹಲ್ಲುಗಳ ಮೇಲೇರಿ ಒಂದು ಹಲ್ಲು ಮುಂದಕ್ಕೆ ಹಾರಿತು. ಕಳ್ಳ ಸಿಕ್ಕಿಬಿದ್ದ.

ಕೊನೆಯ ಪ್ರಶ್ನೆ, ಯಾವ ಗೇರಿನಲ್ಲಿ? ನಡುವಿನ ಮೂರು ಚಕ್ರಗಳಲ್ಲಿ ಹೀಗಾಯಿತು. ಅತಿ ದೊಡ್ಡ ಎರಡರಲ್ಲಿ ಎಷ್ಟು ಒತ್ತಿದರೂ ಚೈನು ಕಚ್ಚಿ ಹಿಡಿಯಿತು. ಕಾಕಾ ಒಂಬತ್ತು ವರ್ಷ ಆ ಸೈಕಲಿನಲ್ಲೇ ಕಾರ್ಖಾನೆಗೆ ಹೋಗಿಬರುತ್ತಿದ್ದವರು. ಆ ಸಮತಟ್ಟು ದಾರಿಯುದ್ದಕ್ಕೂ ಬಳಸಿದ್ದು ನಡುವಿನ ಗೇರುಗಳನ್ನೇ.

ಚೈನು ಉದ್ದವಾಗುತ್ತದೆ ಎನ್ನುತ್ತೇವಲ್ಲ, ಅಲ್ಲಿ ಕಬ್ಬಿಣ ಹಿಗ್ಗುವುದಿಲ್ಲ. ಧೂಳು, ಕೆಸರು, ಎಣ್ಣೆ ಸೇರಿ ಪ್ರತಿ ಕೊಂಡಿಯ ಪಿನ್ನನ್ನು ಒಳಗಿಂದ ಸವೆಸುತ್ತವೆ. ಪ್ರತಿ ಕೊಂಡಿ ಕೂದಲೆಳೆಯಷ್ಟು ಸಡಿಲವಾದರೆ ಒಟ್ಟು ಚೈನು ಉದ್ದವಾಗುತ್ತದೆ. ಆ ಉದ್ದದ ಚೈನಿಗೆ ತಕ್ಕಂತೆ ಹಲ್ಲುಗಳೂ ಒಂದು ಬದಿಗೆ ಸವೆದು ಕೊಕ್ಕೆಯಂತಾಗುತ್ತವೆ. ಎರಡೂ ಒಟ್ಟಿಗೆ ಮುದಿಯಾಗುವುದರಿಂದ ಜಾರುವುದೇ ಗೊತ್ತಾಗುವುದಿಲ್ಲ. ಅಳತೆ ಸರಿಯಿರುವ ಹೊಸ ಚೈನು ಬಂದಾಗ ಸವೆದ ಹಲ್ಲಿನ ಬುಡಕ್ಕೆ ಅದು ಕೂರುವುದಿಲ್ಲ, ಭಾರ ಬಿದ್ದೊಡನೆ ಮೇಲೆ ಹತ್ತಿ ಹಾರುತ್ತದೆ.

ಇದನ್ನು ವಿವರಿಸಿದಾಗ ಕಾಕಾ ನಕ್ಕರು. "ಅಂದ್ರ ಹಳೇ ಅತ್ತಿ, ಹೊಸಾ ಸೊಸಿ ಅನ್ನು. ಹೊಂದ್ಕೋವಲ್ಲವು."

ಬದಲಿಸಬೇಕಾಗಿದ್ದದ್ದು ಹಿಂದಿನ ಹಲ್ಲುಚಕ್ರಗಳ ಕಟ್ಟು, ಅಂದರೆ ಕ್ಯಾಸೆಟ್, ಒಂದೇ. ಡಿರೇಲರ್, ಕೇಬಲ್, ಶಿಫ್ಟರ್ ಎಲ್ಲ ಗಟ್ಟಿಯಾಗಿದ್ದವು. ಆದರೆ ಘಾಟಿಯ ನಡುವೆ ಕ್ಯಾಸೆಟ್ ಎಲ್ಲಿಂದ ತರುವುದು? ಸವೆಯದೆ ಉಳಿದ ದೊಡ್ಡ ಎರಡು ಚಕ್ರಗಳಿದ್ದವಲ್ಲ, ಅವೇ ಸಾಕು. ಮುಂದೆ ಚಿಕ್ಕದು, ಹಿಂದೆ ದೊಡ್ಡದು. "ಕಾಕಾ, ನಡುವಿನ ಗೇರು ಮುಟ್ಟಬೇಡಿ, ಸೀಟಿನಿಂದ ಏಳಬೇಡಿ. ನಿಧಾನ ತುಳಿಯಿರಿ," ಎಂದೆ. ಅವರು ಗೋಳೇವಾಡಿಯ ಬುಡಕ್ಕೆ ವಾಪಸ್ ಇಳಿದು ಮತ್ತೆ ಮೊದಲಿನಿಂದ ಹತ್ತಿದರು. ಹಟ ಎಂದರೆ ಹಟ. ಒಂದೂವರೆ ಗಂಟೆ ಹಿಡಿಯಿತು, ಕಾಲು ನೆಲಕ್ಕಿಡಲಿಲ್ಲ.

ಮೇಲೆ ಪಿಠ್ಲಾ, ಭಾಕ್ರಿ, ಠೇಚಾ, ಮಡಕೆಯ ಮೊಸರು. ಹತ್ತಿರದ ಹಳ್ಳಿಗಳ ಹೆಂಗಸರು ಪುಟ್ಟ ಮಡಕೆಗಳಲ್ಲಿ ಹೆಪ್ಪು ಹಾಕಿ ತರುತ್ತಾರೆ. "ಇದು ನಮ್ಮ ಝುಣಕಾ ರೊಟ್ಟೀನ, ಹೆಸರಷ್ಟ ಬ್ಯಾರೆ," ಎಂದು ಕಾಕಾ ಎರಡು ಭಾಕ್ರಿ ಮುಗಿಸಿದರು. ಕೋಟೆಗೆ ಬಂದವರೆಲ್ಲ 1670ರಲ್ಲಿ ಇದನ್ನು ಗೆದ್ದು ಪ್ರಾಣಬಿಟ್ಟ ತಾನಾಜಿಯ ಸ್ಮಾರಕಕ್ಕೆ ಹೋಗುತ್ತಾರೆ. ನಾನು ಸಾಗರದ ಕಡೆಯವನಾದ್ದರಿಂದ ರಾಜಾರಾಮನ ಸಮಾಧಿಗೂ ಹೋಗುತ್ತೇನೆ. 1689ರಲ್ಲಿ ಮೊಘಲರಿಂದ ತಪ್ಪಿಸಿಕೊಂಡು ಜಿಂಜಿಯತ್ತ ಹೊರಟಿದ್ದ ಶಿವಾಜಿಯ ಈ ಮಗನಿಗೆ ಆಶ್ರಯ ಕೊಟ್ಟು, ಔರಂಗಜೇಬನ ಸೈನ್ಯವನ್ನು ಎದುರಿಸಿದವಳು ನಮ್ಮ ಕೆಳದಿಯ ಚೆನ್ನಮ್ಮ. ಆತ 1700ರಲ್ಲಿ ತೀರಿಕೊಂಡದ್ದು ಈ ಸಿಂಹಗಡದಲ್ಲೇ. ಪುಣೆಯಲ್ಲಿರುವ ಕನ್ನಡಿಗರು ಒಮ್ಮೆ ಅಲ್ಲಿ ನಿಂತು ಬರಬೇಕು.

ಆ ವಾರವೇ ಬೇರೊಂದು ಅಂಗಡಿಯಲ್ಲಿ ಕ್ಯಾಸೆಟ್ ಬದಲಾಯಿತು, ಕೂಲಿ ಸೇರಿ ಸಾವಿರದ ಚಿಲ್ಲರೆ ರೂಪಾಯಿ. ಸೈಕಲ್ ಈಗ ಧಾರವಾಡದಲ್ಲಿದೆ.

ಸಿಂಹಗಡಕ್ಕೆ ಹೊರಡುವವರಿಗೆ ಒಂದು ಕಿವಿಮಾತು. ಮನೆಯಲ್ಲೊಂದು ಉಕ್ಕಿನ ಸ್ಕೇಲ್ ಇಟ್ಟುಕೊಳ್ಳಿ. ಚೈನಿನ ಒಂದು ಪಿನ್ನಿನಿಂದ 24 ಪಿನ್ ಎಣಿಸಿದರೆ ಸರಿಯಾಗಿ 12 ಇಂಚು ಬರಬೇಕು. 1/16 ಇಂಚು ಹೆಚ್ಚಾಗಿದ್ದರೆ ಚೈನು ಬದಲಿಸಿ, ಕ್ಯಾಸೆಟ್ ಉಳಿಯುತ್ತದೆ. 1/8 ಇಂಚು ಹೆಚ್ಚಾಗಿದ್ದರೆ ಎರಡನ್ನೂ ಬದಲಿಸಲು ಸಿದ್ಧರಾಗಿ. ಘಾಟಿಯ ಬುಡವನ್ನು ಬೆಳಿಗ್ಗೆ ಏಳರೊಳಗೆ ಮುಟ್ಟಿ, ಜೀಪುಗಳ ಕಾಟ ಕಡಿಮೆ. ಮೊಸರಿಗೆ ಚಿಲ್ಲರೆ ಇರಲಿ.