ಕೈಯ ನಿಧಾನವೋ, ವಿಚಾರದ ನಿಧಾನವೋ

ಕೇಳಿದ ಪ್ರಶ್ನೆಗೆ ಉತ್ತರ ಬರಲು ಹಿಡಿಯುವ ಹೊತ್ತಿನಿಂದಲೇ ಮನುಷ್ಯನ ಬುದ್ಧಿಯನ್ನು ಅಳೆಯುವ ರೂಢಿ ನಮ್ಮ ಮನೆಗಳಲ್ಲಿ ಬಲವಾಗಿದೆ. ಹರಿಹರದಲ್ಲಿರುವ ನನ್ನ ಅಕ್ಕನವರಿಗೆ ಈಗ 74 ವರ್ಷ. ಮರುಮಾತು ತಡವಾಗುತ್ತದೆಂಬ ಒಂದೇ ಕಾರಣಕ್ಕೆ, ಭದ್ರಾ ನಾಲೆಯ ಗದ್ದೆಯ ಲೆಕ್ಕದ ಪುಸ್ತಕವನ್ನು ಅವರ ಕೈಯಿಂದ ಬಿಡಿಸಬೇಕೆಂದು ಮಕ್ಕಳು ಆಲೋಚಿಸಿದ್ದರು.

ದಾವಣಗೆರೆಯಲ್ಲಿ ನಮ್ಮೊಡನಿದ್ದು ಮನಃಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿರುವ ತಮ್ಮನ ಮಗಳು ಇದನ್ನು ಕೇಳಿ, “ದೊಡ್ಡಪ್ಪ, ಅತ್ತೆಯ ಬೆರಳು ನಿಧಾನವೋ, ವಿಚಾರ ನಿಧಾನವೋ, ಬೇರ್ಪಡಿಸಿ ನೋಡದೆ ಹೇಗೆ ಹೇಳುವುದು?” ಎಂದಳು.

ಈ ಶಾಸ್ತ್ರ ನಾಡಿಗೆ ಹೊಸದಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿಯೇ ಮನಃಶಾಸ್ತ್ರ ವಿಭಾಗವನ್ನು ಆರಂಭಿಸಿದರು. (1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ನಡೆಸಿದವರೂ ಅವರೇ.) ಬೆರಳನ್ನೂ ವಿಚಾರವನ್ನೂ ಬೇರ್ಪಡಿಸುವ ಉಪಾಯವನ್ನು 1868ರಲ್ಲಿ ಪ್ರಕಟಿಸಿದವರು ಹಾಲೆಂಡಿನ ವೈದ್ಯ ಡಾಂಡರ್ಸ್.

ಉಪಾಯ ಸರಳವಾದುದು. ಕಂಪ್ಯೂಟರಿನ ಪರದೆಯ ಮೇಲೆ ದೀಪ ಕಂಡೊಡನೆ ಗುಂಡಿ ಒತ್ತುವುದು ಮೊದಲ ಕೆಲಸ. ಕೆಂಪಾದರೆ ಬಲಗೈ, ಹಸಿರಾದರೆ ಎಡಗೈ ಒತ್ತುವುದು ಎರಡನೆಯದು. ಕಣ್ಣು ಅದೇ, ಬೆರಳೂ ಅದೇ. ಎರಡನೆಯದರಲ್ಲಿ ಹೆಚ್ಚಿಗೆ ತಗಲುವ ಕಾಲವೇ ಆರಿಸಿ ನಿರ್ಧರಿಸಲು ಬೇಕಾದ ಕಾಲ. ಇಲ್ಲಿ ಅಕ್ಕನವರನ್ನು ಹೋಲಿಸುವುದು ಮೊದಲು ಅವರೊಡನೆಯೇ, ಅನಂತರ ಇತರರೊಡನೆ. ಅಭ್ಯಾಸದಿಂದ ಬರುವ ಚುರುಕೂ ಆಯಾಸದಿಂದ ಬರುವ ಮಂದತೆಯೂ ಒಂದೇ ಕೆಲಸದ ಪಾಲಾಗಬಾರದೆಂದು ಹುಡುಗಿ ಮೊದಲನೆಯದು, ಎರಡನೆಯದು, ಮತ್ತೆ ಎರಡನೆಯದು, ಕೊನೆಗೆ ಮೊದಲನೆಯದು ಎಂಬ ಸರದಿ ಇಟ್ಟಳು. ಒಟ್ಟು 80 ಬಾರಿ.

ನಡುವೆ ಕುಕ್ಕರ್ ಕೂಗಿ ಅಕ್ಕನವರು ಅತ್ತ ತಿರುಗಿದರು. ಆ ಒಂದು ಅಳತೆ ಎರಡು ಸೆಕೆಂಡು ದಾಟಿತು. ಸರಾಸರಿ ತೆಗೆದರೆ ಇಂಥ ಒಂದೆರಡು ಅಳತೆಗಳೇ ಇಡೀ ಮೊತ್ತವನ್ನು ಎಳೆದುಬಿಡುತ್ತವೆ. ಆದ್ದರಿಂದ ಅಳತೆಗಳನ್ನು ಕ್ರಮವಾಗಿ ಜೋಡಿಸಿ ನಡುವಿನದನ್ನು, ಅಂದರೆ ಮಧ್ಯಾಂಕವನ್ನು, ಹಿಡಿದೆವು. ತಪ್ಪು ಗುಂಡಿ ಒತ್ತಿದವುಗಳನ್ನು ಬೇರೆಯಾಗಿ ಎಣಿಸಿದೆವು. ಅವಸರಪಟ್ಟು ತಪ್ಪುವುದನ್ನು ಚುರುಕುತನವೆನ್ನಲಾಗದಷ್ಟೆ.

ಅಕ್ಕನವರದು ಮೊದಲ ಕೆಲಸದಲ್ಲಿ 430 ಮಿಲಿಸೆಕೆಂಡು, ಎರಡನೆಯದರಲ್ಲಿ 610. ಹುಡುಗಿಯದು 270 ಮತ್ತು 430. ಪಕ್ಕಪಕ್ಕ ಇಟ್ಟರೆ ಅಕ್ಕನವರು ಬಹಳ ಹಿಂದೆ. ಕಳೆದು ನೋಡಿದರೆ 180 ಮತ್ತು 160! ಗಂಟುಬೇನೆಯ ಬೆರಳುಗಳೇ ಹೆಚ್ಚು ಹೊತ್ತು ತಿಂದಿರಬೇಕೆಂದು ನನಗೆ ತೋರಿತು.

ಹುಡುಗಿ ನನ್ನಷ್ಟು ಬೇಗ ಒಪ್ಪಲಿಲ್ಲ. ಅತ್ತೆ 80 ಬಾರಿ ಒತ್ತಿದರೆಂದು 80 ಜನ ಸಿಕ್ಕಂತಾಗದು ಎಂದಳು. ಕೆಲಸ ಬದಲಾದಾಗ ಉಳಿದ ಹಂತಗಳೂ ತುಸು ಬದಲಾಗಬಹುದೆಂಬ ಆಕ್ಷೇಪ ಡಾಂಡರ್ಸರ ಕಳೆಯುವ ಕ್ರಮದ ಮೇಲೆ ಹಿಂದಿನಿಂದಲೂ ಇದೆ. ಅಲ್ಲದೆ ದೀಪಕ್ಕೆ ಗುಂಡಿ ಒತ್ತುವುದು ಬೇರೆ, ಗೊಬ್ಬರದ ಲೆಕ್ಕ ಕೂಡುವುದು ಬೇರೆ. ತಡವಾದ ಉತ್ತರವೆಲ್ಲ ಮಂಕುತನವಲ್ಲ ಎಂಬಷ್ಟನ್ನು ಮಾತ್ರ ಅವಳು ಅಣ್ಣಂದಿರಿಗೆ ಹೇಳಿದಳು.

ಪುಸ್ತಕ ಸದ್ಯಕ್ಕೆ ಅಕ್ಕನವರ ಬಳಿಯೇ ಇದೆ. ಹಿರಿಯ ಮಗ ಪಕ್ಕದಲ್ಲಿ ಕುಳಿತು ಅದೇ ಮೊತ್ತವನ್ನು ಬೇರೊಂದು ಹಾಳೆಯಲ್ಲಿ ಕೂಡಿ ನೋಡುತ್ತಿದ್ದಾನೆ.