ಹೂತುಕೊಳ್ಳದ ಗಾಡಿ

ಚಪ್ಪಲಿ ಬದುವಿನ ಮೇಲೇ ಇರಲಿ. ಹಾಕಿಕೊಂಡು ಇಳಿದಿರೋ, ಗದ್ದೆ ಅದನ್ನು ಇಟ್ಟುಕೊಂಡು ನಿಮ್ಮನ್ನಷ್ಟೇ ವಾಪಸು ಕಳಿಸುತ್ತದೆ.

ಡಿಸೆಂಬರ್ ಬೆಳಗು. ನಂಜನಗೂಡಿನಿಂದ ಟಿ. ನರಸೀಪುರದ ಕಡೆ ಬರುವ ದಾರಿಯಲ್ಲಿ ಎಲ್ಲಿ ನೋಡಿದರೂ ಕೊಯ್ಲು. ಕಬಿನಿ ನಾಲೆಯ ನೀರು ನಿಂತಿದ್ದರೂ ತಗ್ಗಿನ ಗದ್ದೆಗಳು ಇನ್ನೂ ಆರಿಲ್ಲ. ಮೊದಲ ಹೆಜ್ಜೆಗೆ ಹಿಮ್ಮಡಿ ಮುಳುಗಿತು, ಎರಡನೆಯದಕ್ಕೆ ಕಣಕಾಲು. ಮೂರನೆಯದನ್ನು ಎತ್ತುವಾಗ ಕೆಸರು ಪಚಕ್ಕೆಂದು ಬಾಯಿಬಿಟ್ಟಿತು. ಆ ಗುಳಿಯಲ್ಲಿ ಆಗಲೇ ನೀರು ಒಸರುತ್ತಿದೆ.

ರಸ್ತೆಯ ಅಂಚಿಗೆ ಲಾರಿ ಬಂದು ನಿಂತಿದೆ. ಹಿಂದಿನ ಬಾಗಿಲ ಮೇಲೆ ತಮಿಳು ಅಕ್ಷರ, ಮೇಲೆ ಕೊಯ್ಲಿನ ಮಿಷನ್. ಗದ್ದೆಯ ಯಜಮಾನರು ಟವಲ್ಲು ಹೆಗಲಿಗೆ ಎಸೆದುಕೊಂಡು ಕೇಳುವ ಪ್ರಶ್ನೆ ಒಂದೇ: "ಟೈರೋ, ಚೈನೋ?"

"ಚೈನ್, ಅಣ್ಣಾ."

"ಹಂಗಾರೆ ಇಳ್ಸಪ್ಪ." ನಿಮ್ಮ ಕಡೆ ತಿರುಗಿ, "ಹೋದ್ ವರ್ಷ ಟೈರ್ ಗಾಡಿ ಇಳ್ಸಿ ಹೊತ್ತು ಮುಳ್ಗೋಗಂಟ ಎಳ್ದೋ ಸಾ. ಭತ್ತ ಅರ್ಧ, ಕೆಸ್ರು ಅರ್ಧ," ಎನ್ನುತ್ತಾರೆ.

ಎರಡು ಕಬ್ಬಿಣದ ಹಲಗೆಗಳ ಮೇಲೆ ಮಿಷನ್ ಕಿರುಗುಟ್ಟುತ್ತ ಇಳಿಯಿತು. ಬಗ್ಗಿ ನೋಡಿ. ಹೆಸರು ಚೈನ್, ಆದರೆ ಸರಪಳಿ ಎಲ್ಲೂ ಇಲ್ಲ. ಇರುವುದು ಮೊಳದಗಲದ ಕಪ್ಪು ರಬ್ಬರಿನ ಪಟ್ಟಿ. ಹೊರಮೈಗೆ ದಪ್ಪ ಗೀರುಗಳು, ಒಳಗೆ ಹುದುಗಿಸಿದ ಉಕ್ಕು. ಹಲ್ಲಿನ ಗಾಲಿಯೊಂದು ಪಟ್ಟಿಯ ತೂತುಗಳಿಗೆ ಕಚ್ಚಿಕೊಂಡು ಅದನ್ನು ಸುತ್ತಿಸುತ್ತದೆ. ಗಾಡಿ ತನ್ನ ದಾರಿಯನ್ನು ತಾನೇ ಹಾಸಿಕೊಂಡು, ದಾಟಿದ ಮೇಲೆ ಸುತ್ತಿ ಎತ್ತಿಕೊಂಡು ಹೋಗುತ್ತದೆ.

ಮೂರು ಟನ್ ಆಸುಪಾಸಿನ ಆ ದೇಹ ಗದ್ದೆಗೆ ಇಳಿದಾಗ ಎದೆ ಧಸಕ್ಕೆನ್ನುತ್ತದೆ. ಆದರೆ ಏನೂ ಆಗುವುದಿಲ್ಲ. ನಿಮ್ಮ ಕಾಲು ಕಣಕಾಲುದ್ದ ಹೂತ ಜಾಗದ ಪಕ್ಕದಲ್ಲೇ ಪಟ್ಟಿಯ ಗುರುತು ನಾಲ್ಕು ಬೆರಳಿನಷ್ಟೂ ಇಳಿದಿಲ್ಲ. ಅಲ್ಲೇ ನಿಂತು ಲೆಕ್ಕ ಹಾಕಿ. ಪಟ್ಟಿ ಅರ್ಧ ಮೀಟರ್ ಅಗಲ, ನೆಲಕ್ಕೆ ತಾಗಿದ ಉದ್ದ ಒಂದೂವರೆ ಮೀಟರ್ ಎಂದಿಟ್ಟುಕೊಂಡರೆ ಎರಡು ಬದಿಯ ಪಟ್ಟಿಗಳೂ ಸೇರಿ 15,000 ಚದರ ಸೆಂಟಿಮೀಟರ್. 3,000 ಕೆ.ಜಿ.ಯನ್ನು ಅಷ್ಟಕ್ಕೆ ಹಂಚಿದರೆ ಚದರ ಸೆಂಟಿಮೀಟರಿಗೆ ಇನ್ನೂರು ಗ್ರಾಂ. ನೀವು 65 ಕೆ.ಜಿ. ಇದ್ದು, ಒಂದು ಪಾದ 200 ಚದರ ಸೆಂಟಿಮೀಟರ್ ಇದ್ದರೆ, ಹೆಜ್ಜೆ ಎತ್ತಿಟ್ಟಾಗ ನಿಮ್ಮ ಭಾರ ಮುನ್ನೂರು ಗ್ರಾಂ ದಾಟುತ್ತದೆ. ಗದ್ದೆಯ ಪಾಲಿಗೆ ಮಿಷನ್‌ಗಿಂತ ನೀವೇ ಭಾರ!

ಕೆಸರಿಗೆ ಒಪ್ಪುವ ಈ ಲೆಕ್ಕ ಹಿಮಕ್ಕೂ ಒಪ್ಪುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನ ಸೇನರ್ ಎಂಬ ಊರಿನಲ್ಲಿ ಕಾರ್ಲ್ ಎಲಿಯಾಸನ್‌ಗೆ ಕಾಲಿನ ತೊಂದರೆ. ಹಿಮದಲ್ಲಿ ಬೇಟೆಗೆ ಹೊರಟ ಗೆಳೆಯರ ಜೊತೆ ಹೆಜ್ಜೆ ಹಾಕಲಾಗದೆ ಆತ 1924ರಲ್ಲಿ ದೋಣಿಯ ಮೋಟಾರು, ಸೈಕಲ್ಲಿನ ಬಿಡಿಭಾಗ, ಎರಡು ಸ್ಕೀ ಜೋಡಿಸಿ ಜಾರುಬಂಡಿಯೊಂದನ್ನು ಓಡಿಸಿದ. ನನಗೆ ಹೆಚ್ಚು ಹತ್ತಿರದವನೆನಿಸುವುದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವ್ಯಾಲ್ಕೂರ್‌ನ ಗ್ಯಾರೇಜಿನವನು, ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ. ಹದಿನೈದನೆಯ ವಯಸ್ಸಿನಲ್ಲೇ ಹಳೆ ಫೋರ್ಡ್ ಎಂಜಿನ್ನನ್ನು ಬಂಡಿಗೆ ಕಟ್ಟಿ, ಹಿಂದೆ ವಿಮಾನದ ಹಾಗೆ ಪಂಖ ತಿರುಗಿಸಿ ಊರಿನ ಬೀದಿಯಲ್ಲಿ ಓಡಿಸಿದ್ದ. ಅಪ್ಪ ಬಿಚ್ಚಿಹಾಕಿಸಿದರು. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗುವಿಗೆ ಹೊಟ್ಟೆಯೊಳಗೆ ಸೋಂಕು ತಗುಲಿತು. ದಾರಿಗಳೆಲ್ಲ ಹಿಮದಡಿ ಮುಚ್ಚಿಹೋಗಿದ್ದವು. ಆಸ್ಪತ್ರೆಗೆ ಮುಟ್ಟಿಸಲಾಗದೆ ಮಗು ತೀರಿಕೊಂಡಿತು.

ರಬ್ಬರ್ ಹೊದಿಸಿದ ಹಲ್ಲಿನ ಗಾಲಿ, ಅದಕ್ಕೆ ಕಚ್ಚಿಕೊಳ್ಳುವ ಪಟ್ಟಿ: ಇದಕ್ಕೆ ಅವನಿಗೆ ಪೇಟೆಂಟ್ ಸಿಕ್ಕಿದ್ದು 1937ರಲ್ಲಿ. ಅದರ ಮೇಲೆ ಕಟ್ಟಿದ ಏಳು ಜನರ ಹಿಮಗಾಡಿಯ ಹೆಸರು ಬಿ-7. 1940ರ ದಶಕದ ಕೊನೆಗೆ ಸರ್ಕಾರವೇ ಹಳ್ಳಿ ರಸ್ತೆಗಳ ಹಿಮ ತೆಗೆಸತೊಡಗಿದಾಗ ಗಿರಾಕಿ ಕರಗಿದರು. ಆಗ ಆತ ಗಾಡಿಯನ್ನು ಹಿಮದಿಂದ ಕೆಸರಿಗೆ ತಿರುಗಿಸಿದ. ಜೌಗು ನೆಲದಲ್ಲಿ ದುಡಿಯುವ ಮಸ್ಕೆಗ್ ಟ್ರಾಕ್ಟರ್ ಹೊರಬಂದದ್ದು 1953ರಲ್ಲಿ. ಜಗತ್ತು ಅವನನ್ನು ನೆನೆಯುವುದು 1959ರ ಸ್ಕೀ-ಡೂ ಎಂಬ ಮೋಜಿನ ಬಂಡಿಗಾಗಿ. ಕಣಕಾಲುದ್ದ ಕೆಸರಿನಲ್ಲಿ ನಿಂತವರಿಗೆ ಮಸ್ಕೆಗ್ಗೇ ಮೇಲು ಅನ್ನಿಸಿದರೆ ತಪ್ಪೇನಿಲ್ಲ.

ಅಷ್ಟರಲ್ಲಿ ಮಿಷನ್ ಮೂರು ಸುತ್ತು ಮುಗಿಸಿದೆ. ಹಸಿ ಹುಲ್ಲಿನ ವಾಸನೆ, ಡೀಸೆಲ್ ಹೊಗೆ, ಕುತ್ತಿಗೆಗೆ ಮೆತ್ತಿ ತುರಿಸುವ ಭತ್ತದ ಸುಂಕು. ಹಿಂದೆಯೇ ಬೆಳ್ಳಕ್ಕಿಗಳ ಸಾಲು. ಬದುವಿನ ಹತ್ತಿರ ಎಂಜಿನ್ ನಿಲ್ಲಿಸಿದ ಡ್ರೈವರ್ ಗಡಾರಿ ಹಿಡಿದು ಕೆಳಗೆ ಕೂತ. ಹಲ್ಲಿನ ಗಾಲಿಯ ಸಂದಿಯಲ್ಲಿ ಕೆಸರೂ ಹುಲ್ಲೂ ಕಲೆತು ಇಟ್ಟಿಗೆಯ ಹಾಗೆ ಗಟ್ಟಿಯಾಗಿದೆ. ಎಬ್ಬಿ ಎಬ್ಬಿ ತೆಗೆಯುತ್ತಾನೆ. ಬೆಲ್ಟು ಕಳಚಿಕೊಂಡರೆ ಅರ್ಧ ದಿನ ಹೋಯಿತೆಂದೇ ಲೆಕ್ಕವಂತೆ.

ಹಿಮದ ಮೇಲೆ ಓಡುವ ಇಂಥದ್ದೇ ಗಾಡಿ ಇದೆ ಎಂದು ನೀವು ಹೇಳುತ್ತೀರಿ. ಅವನು ಗಡಾರಿ ನಿಲ್ಲಿಸಿ ಒಂದು ಕ್ಷಣ ಯೋಚಿಸಿದ.

"ಅಲ್ಲಿ ಇದನ್ನ ಕೆರೆಯೋ ಕೆಲ್ಸ ಇಲ್ವಾ, ಸಾರ್?"