ಒಗ್ಗರಣೆಯ ಹೊತ್ತಿಗೆ ಬರುವ ಕತೆ

ಬರೆಯುವ ಹೆಂಗಸು ಎಂದು ಗೊತ್ತಾದರೆ ನಮ್ಮ ಶಿವಮೊಗ್ಗದ ಕಡೆ ಜನ ಮೊದಲು ಕೇಳುವುದು, ಯಾವಾಗ ಬರೀತೀರಿ ಅಂತ. ಏನು ಬರೀತೀರಿ ಅನ್ನುವುದು ಆಮೇಲಿನ ಮಾತು. ಮದುವೆಮನೆಯ ಪಂಕ್ತಿಯಲ್ಲಿ ಕೋಸಂಬರಿ, ಪಲ್ಯ ಬಡಿಸಿ ಮುಗಿಯುವುದರೊಳಗೆ ಪಕ್ಕದವರ ಪ್ರಶ್ನೆ ಬಂದಿರುತ್ತದೆ: "ಅಲ್ಲಾ, ಗಂಡ, ಮಕ್ಕಳು, ಅಡಿಗೆ, ಬಂದೋರು ಹೋದೋರು, ಇಷ್ಟರ ನಡುವೆ ಯಾವಾಗ್ರೀ ಬರೀತೀರಿ?" ಗಂಡಸು ಸಾಹಿತಿಗಳನ್ನು ಯಾರಾದರೂ ಹೀಗೆ ಕೇಳಿದ್ದು ನನ್ನ ಕಿವಿಗಂತೂ ಬಿದ್ದಿಲ್ಲ. ಆದರೂ ಈ ಪ್ರಶ್ನೆಯ ಮೇಲೆ ನನಗೆ ಸಿಟ್ಟಿಲ್ಲ. ಕೇಳಲೇಬೇಕಾದ ಪ್ರಶ್ನೆ ಅದು. ಉತ್ತರ ಮಾತ್ರ ಪಾಯಸ ಬರುವಷ್ಟರಲ್ಲಿ ಮುಗಿಯುವಂಥದ್ದಲ್ಲ. ತೀರ್ಥಹಳ್ಳಿಗೆ ಹೋಗಿ, ಭದ್ರಾವತಿಯಲ್ಲಿ ಇಳಿದು, ಮೈಸೂರು ಬೆಂಗಳೂರಿಗೂ ಒಮ್ಮೆ ಹಣಕಿ ಬರಬೇಕು. ನಿಮಗೆ ಪುರುಸೊತ್ತಿದೆ ತಾನೆ?

ಮೊದಲು ಎಂ.ಕೆ. ಇಂದಿರಾ ಅವರಿಂದ ಶುರು ಮಾಡೋಣ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದವರು. ಶಾಲೆಯ ಓದು ಏಳು ವರ್ಷಕ್ಕೇ ಮುಗಿಯಿತು, ಹನ್ನೆರಡಕ್ಕೆ ಮದುವೆಯೂ ಆಯಿತು. ಆಮೇಲೆ ಸಂಸಾರ. ಕಾದಂಬರಿ ಬರೆಯಲು ಕೂತಾಗ ವಯಸ್ಸು ನಲವತ್ತೈದರ ಆಸುಪಾಸು. ಮೊದಲ ಕಾದಂಬರಿ 'ತುಂಗಭದ್ರಾ' ಅಚ್ಚಾದದ್ದು 1963ರಲ್ಲಿ. ನಲವತ್ತೈದು ಅಂದರೆ ನಮ್ಮಲ್ಲಿ ಎಷ್ಟೋ ಹೆಂಗಸರು, ಇನ್ನೇನಿದ್ದರೂ ಮಕ್ಕಳ ಮದುವೆ, ಬಾಣಂತನ ಎಂದು ತಮ್ಮ ಲೆಕ್ಕ ಮುಗಿಸಿಬಿಡುವ ವಯಸ್ಸು. ಇವರು ಅಲ್ಲಿಂದ ಶುರು ಮಾಡಿದರು. ಶುರು ಮಾಡಿದ ಮೇಲೆ ನಿಲ್ಲಲಿಲ್ಲ. 'ಸದಾನಂದ', 'ನವರತ್ನ', 'ಗೆಜ್ಜೆಪೂಜೆ' ಒಂದರ ಹಿಂದೊಂದು ಬಂದವು. 'ಗೆಜ್ಜೆಪೂಜೆ'ಯನ್ನು ಪುಟ್ಟಣ್ಣ ಕಣಗಾಲರು ಸಿನಿಮಾ ಮಾಡಿದ್ದು ನಿಮಗೆ ಗೊತ್ತೇ ಇದೆ. ನನಗನ್ನಿಸುವುದು, ಆ ನಲವತ್ತೈದು ವರ್ಷ ಅವರು ಬರೆಯದೆ ಇರಲಿಲ್ಲ, ಕಾಗದದ ಮೇಲೆ ಇಳಿಸಿರಲಿಲ್ಲ ಅಷ್ಟೆ. ಮನೆ ತುಂಬ ಓಡಾಡುವ ಜನರನ್ನು ನೋಡುತ್ತ, ಅವರ ಮಾತಿನ ಧಾಟಿಯನ್ನು ಕಿವಿಯಲ್ಲಿ ತುಂಬಿಕೊಳ್ಳುತ್ತ ಇದ್ದವರು ಒಂದು ದಿನ ಪೆನ್ನು ಹಿಡಿದರೆ ಮಾತು ತಾನಾಗಿ ಬರುತ್ತದೆ.

ಕಿವಿಯ ಮಾತು ಬಂತಲ್ಲ, 'ಫಣಿಯಮ್ಮ'ನ ಸಂಗತಿ ಹೇಳಿಬಿಡುತ್ತೇನೆ. ಮಲೆನಾಡಿನ ಮನೆಗಳಲ್ಲಿ ದೊಡ್ಡವರು ಒಳಗೆ ಕೂತು ಮಾತಾಡುವಾಗ ಮಕ್ಕಳನ್ನು "ಹೋಗ್ರೋ, ಆಚೆ ಆಡ್ಕೊಳ್ಳಿ" ಎಂದು ಅಟ್ಟುವುದು ವಾಡಿಕೆ. ಎಲ್ಲ ಮಕ್ಕಳೂ ಹೋಗುತ್ತವೆ, ಒಂದು ಮಾತ್ರ ಕಂಬದ ಮರೆಯಲ್ಲಿ ಉಳಿದುಬಿಡುತ್ತದೆ. ಆ ಮಗುವೇ ಮುಂದೆ ಕತೆ ಬರೆಯುವುದು. ಬಾಲವಿಧವೆಯಾಗಿ ಒಂದಿಡೀ ಬಾಳು ಸವೆಸಿದ ಫಣಿಯಮ್ಮ ತಮ್ಮ ಕತೆಯನ್ನು ಇಂದಿರಾ ಅವರ ತಾಯಿಯ ಹತ್ತಿರ ಹೇಳಿಕೊಂಡಿದ್ದರು. ಅದು ಮಗಳಿಗೂ ದಕ್ಕಿತು. ಚಿಕ್ಕಂದಿನಲ್ಲಿ ಕಂಡ ಆ ಮುಖ 1976ರಲ್ಲಿ ಕಾದಂಬರಿಯಾಯಿತು. ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು. ಸ್ಫೂರ್ತಿ ಅನ್ನುವುದು ಎಲ್ಲಿಂದಲೋ ಇಳಿದು ಬರುತ್ತದೆ ಎನ್ನುವವರಿಗೆ ನಾನು ಹೇಳುವುದಿಷ್ಟೆ: ಅಡಿಗೆಮನೆಯಲ್ಲಿ ಇಬ್ಬರು ಹೆಂಗಸರು ದನಿ ತಗ್ಗಿಸಿ ಮಾತಾಡುತ್ತಿದ್ದರೆ ಸ್ವಲ್ಪ ಹೊತ್ತು ಹೊರಗೇ ನಿಂತಿರಿ.

ಆ 'ಫಣಿಯಮ್ಮ'ನನ್ನು ಇಂಗ್ಲಿಷಿಗೆ ತಂದವರು ಯಾರು? ತೇಜಸ್ವಿನಿ ನಿರಂಜನ. ಅವರ ತಾಯಿ ಯಾರು? ಅನುಪಮಾ ನಿರಂಜನ. ಅನುಪಮಾ ಹುಟ್ಟಿದ್ದೆಲ್ಲಿ? ಅದೂ ತೀರ್ಥಹಳ್ಳಿಯಲ್ಲೇ, 1934ರಲ್ಲಿ! ನೋಡಿ, ತುಂಗೆಯ ದಂಡೆಯ ಒಬ್ಬಾಕೆ ಬರೆದದ್ದನ್ನು ಅದೇ ದಂಡೆಯ ಇನ್ನೊಬ್ಬಾಕೆಯ ಮಗಳು ಹೊರನಾಡಿಗೆ ಕೊಂಡೊಯ್ದಳು. ಅನುಪಮಾ ಅವರಂತೂ ವೈದ್ಯೆ. ರೋಗಿಗಳು, ಇಬ್ಬರು ಹೆಣ್ಣುಮಕ್ಕಳು, ಅದರ ಮೇಲೆ ಗಂಡ ನಿರಂಜನರೂ ಹಗಲಿರುಳು ಬರೆಯುವ ಮನುಷ್ಯ. ಒಂದೇ ಮನೆಯಲ್ಲಿ ಇಬ್ಬರು ಬರೆಯುವವರಿದ್ದರೆ ಸಾರಿಗೆ ಉಪ್ಪು ಹಾಕುವವರು ಯಾರು ಎಂದು ಕೇಳಬೇಡಿ, ಅದು ಅವರವರ ಮನೆಯ ವ್ಯವಹಾರ. ಅಂಥ ಮನೆಯಿಂದಲೇ 'ದಿನಕ್ಕೊಂದು ಕಥೆ' ಬಂತು. ವರ್ಷದ ಒಂದೊಂದು ದಿನಕ್ಕೂ ಮಕ್ಕಳಿಗೊಂದು ಕತೆ, ಹನ್ನೆರಡು ಸಂಪುಟ. ನಮ್ಮ ಮನೆಯಲ್ಲಿ ಅದರ ಜುಲೈ ತಿಂಗಳ ಪುಸ್ತಕದ ರಟ್ಟು ಕಿತ್ತುಹೋಗಿದೆ. ಮಳೆಗಾಲದಲ್ಲಿ ಶಾಲೆಗೆ ರಜೆ ಕೊಟ್ಟಾಗೆಲ್ಲ ಮಕ್ಕಳು ಎಳೆದಾಡಿದ್ದು ಅದನ್ನೇ. ದಿನಾ ರಾತ್ರಿ "ಅಮ್ಮಾ, ಇವತ್ತೇನು ಕತೆ?" ಎಂಬ ಕಾಟ ಅನುಭವಿಸಿದ ತಾಯಿಗೆ ಮಾತ್ರ ಇಂಥ ಪುಸ್ತಕ ಹೊಳೆದೀತು ಎಂದು ನನ್ನ ನಂಬಿಕೆ.

ಎಲ್ಲಿಂದೆಲ್ಲಿಗೋ ಬಂದೆ. ಭದ್ರಾವತಿಗೆ ಹೋಗಬೇಕಿತ್ತಲ್ಲ!

ನಾನು ಬೆಳೆದದ್ದು ಭದ್ರಾವತಿಯ ಪೇಪರ್ ಟೌನಿನಲ್ಲಿ. ಊರಿಗೆ ಎರಡು ಕಣ್ಣು, ಒಂದು ವಿಶ್ವೇಶ್ವರಯ್ಯನವರ ಕಬ್ಬಿಣದ ಕಾರ್ಖಾನೆ, ಇನ್ನೊಂದು 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಮೈಸೂರು ಪೇಪರ್ ಮಿಲ್ಸ್, ನಮ್ಮ ಬಾಯಲ್ಲಿ ಎಂಪಿಎಂ. ಕಾರ್ಖಾನೆ ಊರಿನ ಸಂಸಾರಕ್ಕೆ ಸೂರ್ಯನಿಗಿಂತ ಸೈರನ್ನೇ ದೊಡ್ಡದು. ಫಸ್ಟ್ ಶಿಫ್ಟ್, ಸೆಕೆಂಡ್ ಶಿಫ್ಟ್, ನೈಟ್ ಶಿಫ್ಟ್. ವಾರ ಬದಲಾದರೆ ಮನೆಯ ಊಟದ ಹೊತ್ತು, ನಿದ್ದೆಯ ಹೊತ್ತು, ಮಕ್ಕಳು ಗಲಾಟೆ ಮಾಡಬಹುದಾದ ಹೊತ್ತು ಎಲ್ಲವೂ ಬದಲು. ನಮ್ಮ ಎದುರುಮನೆಯಲ್ಲಿ ಒಬ್ಬರು ಅತ್ತೆ ಇದ್ದರು. ಸಂಬಂಧದಲ್ಲಿ ಅತ್ತೆಯಲ್ಲ, ಲೈನಿನ ಮಕ್ಕಳಿಗೆಲ್ಲ ಅತ್ತೆ. ಅವರು ಕತೆ ಬರೆಯುತ್ತಿದ್ದರು. ಮಾವನಿಗೆ ನೈಟ್ ಶಿಫ್ಟ್ ಬಿದ್ದ ವಾರ ಅವರಿಗೆ ಸುಗ್ಗಿ. ಬೆಳಿಗ್ಗೆ ಮಾವ ಬಂದು ಮಲಗಿದರೆ ಮನೆಯಲ್ಲಿ ರೇಡಿಯೋ ಇಲ್ಲ, ಪಾತ್ರೆ ಸದ್ದಿಲ್ಲ, ಮಕ್ಕಳೆಲ್ಲ ನಮ್ಮ ಅಂಗಳದಲ್ಲಿ. ಆ ನಿಶ್ಶಬ್ದದಲ್ಲಿ ಅತ್ತೆ ಅಡಿಗೆಮನೆಯ ಬಾಗಿಲ ಹತ್ತಿರ ಮಣೆ ಹಾಕಿಕೊಂಡು, ಮೊರದ ಬೆನ್ನಿನ ಮೇಲೆ ಕಾಗದ ಇಟ್ಟು ಬರೆಯುವರು. ಕಾಗದ ಅಂದೆನಲ್ಲ, ಊರಿನ ತುಂಬ ಕಾಗದ ತಯಾರಾಗುತ್ತಿದ್ದರೂ ಅವರು ಬರೆಯುತ್ತಿದ್ದದ್ದು ತಿಂಗಳು ಮುಗಿದ ಕ್ಯಾಲೆಂಡರಿನ ಹಿಂಬದಿಯಲ್ಲಿ, ದಿನಸಿ ಚೀಟಿಯ ಉಳಿದ ಜಾಗದಲ್ಲಿ. ಒಮ್ಮೆ ಅಂಥ ಚೀಟಿಯೊಂದನ್ನು ನನ್ನ ಕೈಗೆ ಕೊಟ್ಟು ಅಂಗಡಿಗೆ ಕಳಿಸಿದರು. ಮೇಲೆ ತೊಗರಿಬೇಳೆ 2 ಕೆಜಿ, ಕೊಬ್ಬರಿ ಅರ್ಧ ಕೆಜಿ, ಬಾರ್ ಸೋಪು. ಒಂದು ಗೆರೆ ಎಳೆದು ಅದರ ಕೆಳಗೆ, ಗಂಡನ ಮನೆಯಿಂದ ಸಿಟ್ಟು ಮಾಡಿಕೊಂಡು ಹೊರಟ ಒಬ್ಬ ಹುಡುಗಿ ಬಸ್ಸಿಗೆ ಕಾಯುತ್ತ ನಿಂತಿದ್ದಳು. ಅಂಗಡಿಯವರು ಬೇಳೆ ತೂಗುತ್ತ ಅದನ್ನೂ ಓದಿ, "ಮುಂದೇನಾಯ್ತಂತೆ ಕೇಳ್ಕೊಂಡು ಬಾರಮ್ಮ" ಅಂದರು!

ಮುಂದೆ ಆ ಅತ್ತೆ ಭದ್ರಾವತಿ ಆಕಾಶವಾಣಿಯ ಮಹಿಳೆಯರ ಕಾರ್ಯಕ್ರಮದಲ್ಲಿ ಕತೆ ಓದಿದರು. ಅರವತ್ತರ ದಶಕದಲ್ಲಿ ಶುರುವಾದ ಈ ನಿಲಯ ಮಲೆನಾಡಿನ ಎಷ್ಟು ಗೃಹಿಣಿಯರನ್ನು ಮೈಕಿನ ಮುಂದೆ ಕೂರಿಸಿದೆ ಎಂದು ಯಾರಾದರೂ ಕೂತು ಬರೆಯಬೇಕು. ಅತ್ತೆಯ ಕತೆ ಬಂದ ಮಧ್ಯಾಹ್ನ ಇಡೀ ಲೈನಿನಲ್ಲಿ ಒಂದೇ ದನಿ. ನೈಟ್ ಶಿಫ್ಟ್ ಮುಗಿಸಿದ್ದ ಮಾವ ಮಲಗದೆ ರೇಡಿಯೋ ಪಕ್ಕ ಕೂತಿದ್ದರು. ಕತೆ ಮುಗಿದಾಗ ಅವರು ಹೇಳಿದ್ದು, "ಇದನ್ನೆಲ್ಲ ನೀನು ಯಾವಾಗ ಬರೆದ್ಯೇ?" ಅದೇ ಪ್ರಶ್ನೆ! ಆದರೆ ಆ ಮನೆಯಲ್ಲಿ ಆ ಪ್ರಶ್ನೆ ಅಲ್ಲಿಗೇ ನಿಲ್ಲಲಿಲ್ಲ. ಮುಂದಿನ ವಾರ ಮಾವ ಒಂದು ರಟ್ಟಿನ ಪ್ಯಾಡು, ಒಂದು ರೀಮು ಬಿಳಿ ಹಾಳೆ ತಂದುಕೊಟ್ಟರು. ಎಂಪಿಎಂ ಯಂತ್ರಗಳು ನಿಂತು ಈಗ ವರ್ಷಗಳೇ ಆದವು. ಕನ್ನಡದ ಪತ್ರಿಕೆ, ಪಠ್ಯಪುಸ್ತಕಗಳಿಗೆ ಕಾಗದ ಕೊಟ್ಟ ಊರು ಅದು. ಆ ಕಾರ್ಖಾನೆಯ ಕತೆ ಬರೆಯಲು ಅಲ್ಲಿನ ಮನೆಗಳಲ್ಲೇ ಯಾರೋ ಒಬ್ಬರು ಕೂತಿರಲಿ ಎಂದು ನನ್ನ ಆಸೆ.

ಶಿವಮೊಗ್ಗಕ್ಕೆ ವಾಪಸು ಬರೋಣ. ಕುಂದಾಪುರದಿಂದ ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಒಬ್ಬ ಸೊಸೆ ಇದ್ದರು, ಜಾನಕಿ ಶ್ರೀನಿವಾಸಮೂರ್ತಿ. ಯಾರಿದು ಎನ್ನುತ್ತೀರಾ? ನಮ್ಮ ವೈದೇಹಿ! 'ಸುಧಾ'ಕ್ಕೆ ಕಳಿಸಿದ್ದ ಒಂದು ಕತೆ ನಿಜಜೀವನಕ್ಕೆ ಹತ್ತಿರವಾಯಿತೆಂದು ವಾಪಸು ಕೇಳಿದರು. ಸಂಪಾದಕರು ವಾಪಸು ಕೊಡದೆ ವೈದೇಹಿ ಎಂಬ ಹೆಸರಿಟ್ಟು ಅಚ್ಚು ಹಾಕಿದರು. ಸಂಸಾರದೊಳಗೆ ಕೂತು ಬರೆಯುವವರ ದೊಡ್ಡ ಕಷ್ಟ ಇಲ್ಲಿದೆ ನೋಡಿ. ಹೊತ್ತು ಸಿಗದಿರುವುದು ಒಂದು ಕಡೆ, ಬರೆದದ್ದನ್ನು ಯಾರು ತಮ್ಮದೇ ಕತೆ ಎಂದುಕೊಳ್ಳುತ್ತಾರೋ ಎಂಬ ಅಳುಕು ಇನ್ನೊಂದು ಕಡೆ. ಆ ಹೆಸರಿನ ಮರೆ ಸಿಕ್ಕಿದ್ದರಿಂದ ಕನ್ನಡಕ್ಕೆ ಎಂಥ ಕತೆಗಳು ಸಿಕ್ಕವು! 2009ರಲ್ಲಿ 'ಕ್ರೌಂಚ ಪಕ್ಷಿಗಳು' ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಮಗಳು ನಯನಾ ಕಶ್ಯಪ್ ತಾಯಿಯ ಬರಹಗಳನ್ನು ಇಂಗ್ಲಿಷಿಗೆ ತಂದಿದ್ದಾರೆ. ಅಮ್ಮ ಬರೆಯುವುದನ್ನು ನೋಡುತ್ತ ಬೆಳೆದ ಮಕ್ಕಳಿಗೆ ಬರವಣಿಗೆಯೂ ಒಂದು ಮನೆಗೆಲಸವೇ. ಅದಕ್ಕಿಂತ ದೊಡ್ಡ ಮರ್ಯಾದೆ ಬರವಣಿಗೆಗೆ ಬೇರೆ ಯಾವುದಿದೆ ಹೇಳಿ?

ಹಾಗಾದರೆ ಗಂಡಸರಿಗೆ ಸಂಸಾರ ಇರಲಿಲ್ಲವೆ? ಇತ್ತು, ಅದನ್ನು ಮನೆಯವರು ಬರೆದಿಟ್ಟಿದ್ದಾರೆ. ನಮ್ಮ ಜಿಲ್ಲೆಯ ದೊಡ್ಡ ಲೇಖಕರ ಮನೆಗಳಷ್ಟು ಸಮೃದ್ಧವಾಗಿ ಮನೆಯವರ ನೆನಪುಗಳು ಬಂದದ್ದು ಇನ್ನೆಲ್ಲಿ? ಕುಪ್ಪಳಿಯ ಕುವೆಂಪು ಮೈಸೂರಿನ 'ಉದಯರವಿ'ಯಲ್ಲಿ ಹೇಗಿದ್ದರು ಎನ್ನುವುದನ್ನು ಮಗ ತೇಜಸ್ವಿ 'ಅಣ್ಣನ ನೆನಪು' ಬರೆದು, ಮಗಳು ತಾರಿಣಿ 'ಮಗಳು ಕಂಡ ಕುವೆಂಪು' ಬರೆದು ಹೇಳಿದರು. ತೇಜಸ್ವಿ ಹೇಗಿದ್ದರು ಎನ್ನುವುದನ್ನು ಅವರ ಹೆಂಡತಿ ರಾಜೇಶ್ವರಿಯವರು 'ನನ್ನ ತೇಜಸ್ವಿ'ಯಲ್ಲಿ ಹೇಳಿದರು. ಕೊನಗವಳ್ಳಿಯ ಲಂಕೇಶರು 'ಹುಳಿಮಾವಿನ ಮರ' ಎಂದು ಆತ್ಮಕತೆ ಬರೆದರೆ, ಇಂದಿರಾ ಲಂಕೇಶ್ 'ಹುಳಿಮಾವು ಮತ್ತು ನಾನು' ಬರೆದರು. ಆಕೆ ಸೀರೆ ವ್ಯಾಪಾರ ಮಾಡಿ ಮನೆ ನಡೆಸಿದವರು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ. ಗಂಡ ಬರೆಯುವ ಮೇಜಿನ ಈಚೆ, ಸಂಸಾರದ ಲೆಕ್ಕ ಯಾರ ಕೈಯಲ್ಲಿತ್ತು ಎನ್ನುವುದು ತಿಳಿಯುತ್ತದೆ. ಸಾಹಿತ್ಯ ಚರಿತ್ರೆಯಲ್ಲಿ ಈ ಪುಸ್ತಕಗಳಿಗೆ ಅಡಿಟಿಪ್ಪಣಿಯ ಜಾಗ ಕೊಡುವುದು ಅನ್ಯಾಯ. ನನ್ನ ಮಟ್ಟಿಗೆ ಅವು ಮೂಲ ಗ್ರಂಥಗಳೇ.

ನನ್ನದೂ ಒಂದಿಷ್ಟು ಹೇಳದಿದ್ದರೆ ಪಂಕ್ತಿಯ ಪಕ್ಕದವರು ಬಿಡುವುದಿಲ್ಲ. ನನಗೆ ಒಳ್ಳೆಯ ಮಾತು ಹೊಳೆಯುವುದು ಸಾಸಿವೆ ಸಿಡಿಯುವ ಹೊತ್ತಿಗೆ. ಆಗ ಕೈ ಬಿಡುವಂತಿಲ್ಲ. ಮೊದಮೊದಲು ಇದಕ್ಕೆ ಕೊರಗುತ್ತಿದ್ದೆ, ಈಗ ಕೊರಗುವುದಿಲ್ಲ. ಯಾಕೆಂದರೆ ಅರ್ಧಕ್ಕೆ ಬಿಟ್ಟು ಎದ್ದ ವಾಕ್ಯ ಸುಮ್ಮನೆ ಇರುವುದಿಲ್ಲ. ಮಗಳ ಜಡೆ ಹೆಣೆಯುವಾಗ, ಗಾಂಧಿ ಬಜಾರಿನಲ್ಲಿ ಸೊಪ್ಪು ಆರಿಸುವಾಗ, ಅಮ್ಮನನ್ನು ನೋಡಲು ಭದ್ರಾವತಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಾಗ, ಒಳಗೊಳಗೇ ಹೊರಳಾಡುತ್ತ ಇರುತ್ತದೆ. ರಾತ್ರಿ ಎಲ್ಲರ ಊಟವಾಗಿ ಮೇಜು ಒರೆಸಿ ಕೂತರೆ, ಬೆಳಿಗ್ಗೆ ಬಿಟ್ಟದ್ದಕ್ಕಿಂತ ಚಿಕ್ಕದಾಗಿ, ಚೊಕ್ಕವಾಗಿ ಬರುತ್ತದೆ. ಮಕ್ಕಳು ನನ್ನ ಮೊದಲ ಓದುಗರು. ಅವರಿಗೆ ಬೇಸರ ಬಂದ ಪುಟ ನನಗೂ ಬೇಡ. ಸಂಸಾರ ಬರವಣಿಗೆಗೆ ಅಡ್ಡಿ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಸಂಸಾರದ ಭಾರವೆಲ್ಲ ಒಬ್ಬರ ಹೆಗಲಿಗೇ ಬಿದ್ದರೆ ಅದು ಖಂಡಿತ ಅಡ್ಡಿ. ಎಂ.ಕೆ. ಇಂದಿರಾ ಅವರಿಗೆ ಹೊತ್ತು ಸಿಕ್ಕಿದ್ದು ನಲವತ್ತೈದಕ್ಕೆ. ಎಷ್ಟು ಜನಕ್ಕೆ ಎಪ್ಪತ್ತಕ್ಕೂ ಸಿಗಲಿಲ್ಲವೋ! ಅವರ ಕತೆಗಳು ಅವರ ಜೊತೆಗೇ ಹೋದವು.

ಶಿವಮೊಗ್ಗದ ಕರ್ನಾಟಕ ಸಂಘ ಲೇಖಕಿಯರ ಕೃತಿಗೆ ಎಂ.ಕೆ. ಇಂದಿರಾ ಅವರ ಹೆಸರಿನಲ್ಲಿ ಬಹುಮಾನ ಕೊಡುತ್ತದೆ. ಬಹಳ ಒಳ್ಳೆಯ ಕೆಲಸ. ಅಂಥ ಒಂದು ಬಹುಮಾನ ಮನೆಯಲ್ಲೂ ಕೊಡಬಹುದು, ಅದಕ್ಕೆ ಖರ್ಚಿಲ್ಲ. ನಿಮ್ಮ ಮನೆಯಲ್ಲಿ ಅಮ್ಮನೋ ಹೆಂಡತಿಯೋ ಸೊಸೆಯೋ ಚೀಟಿಯ ಹಿಂದೆ ಏನಾದರೂ ಗೀಚುತ್ತಿದ್ದರೆ, ಯಾವಾಗ ಬರೀತೀಯ ಎಂದು ಕೇಳಬೇಡಿ. ದಿನಕ್ಕೆ ಒಂದು ಗಂಟೆ ಅಡಿಗೆಮನೆಯನ್ನು ನೀವು ನೋಡಿಕೊಂಡು, ಆಕೆಗೆ ಕೂರಲು ಹೇಳಿ.